ಸ್ವಾಮಿ, ರೆಡ್ಡಿ, ಮತ್ತೆ ನಾವು ಶ್ರೀನಿವಾಸಪುರದೋರು

ನಮ್ಮ ಶ್ರೀನಿವಾಸಪುರ ಕ್ಷೇತ್ರಕ್ಕೆ ಎಮ್ಮೆಲ್ಲೆ ಯಾರು ಅಂತ 1978ರಿಂದ ಈಚೆಗೆ ಯಾವ ವರ್ಷ ಕೇಳಿದ್ರೂ ಉತ್ತರ ಎರಡರಲ್ಲಿ ಒಂದು. ಕೆ.ಆರ್. ರಮೇಶ್ ಕುಮಾರ್, ಇಲ್ಲಾಂದ್ರೆ ಜಿ.ಕೆ. ವೆಂಕಟಶಿವಾರೆಡ್ಡಿ. ಮೂರನೇ ಹೆಸರೇ ಇಲ್ಲ. ನಮ್ಮ ಕಡೆ ಇಬ್ರನ್ನೂ ಪೂರ್ತಿ ಹೆಸರಲ್ಲಿ ಯಾರೂ ಕರೆಯಲ್ಲ, ಸ್ವಾಮಿ ಅಂದ್ರೆ ರಮೇಶ್ ಕುಮಾರು, ರೆಡ್ಡಿ ಅಂದ್ರೆ ವೆಂಕಟಶಿವಾರೆಡ್ಡಿ, ಅಷ್ಟೇ. 78ರಲ್ಲಿ ಸ್ವಾಮಿ, 83ರಲ್ಲಿ ರೆಡ್ಡಿ, 85 ಸ್ವಾಮಿ, 89 ರೆಡ್ಡಿ, 94 ಸ್ವಾಮಿ, 99 ರೆಡ್ಡಿ, 2004 ಸ್ವಾಮಿ, 2008 ರೆಡ್ಡಿ, 2013 ಸ್ವಾಮಿ, ಹಿಂಗೇ ಮಗ್ಗಿ ಒಪ್ಪಿಸ್ದಂಗೆ ಹೇಳ್ಕೊಂಡು ಹೋಗ್ಬೋದು. 2018ರಲ್ಲಿ ಮಾತ್ರ ಲೆಕ್ಕ ತಪ್ತು, ಸ್ವಾಮಿನೇ ಇನ್ನೊಂದ್ಸಲ ಗೆದ್ರು. 2023ಕ್ಕೆ ಮತ್ತೆ ರೆಡ್ಡಿ. ಹನ್ನೊಂದು ಚುನಾವಣೆ, ಆರು ಅವ್ರದ್ದು, ಐದು ಇವ್ರದ್ದು.

2023ರ ಮೇ ತಿಂಗಳಲ್ಲಿ ರಿಸಲ್ಟ್ ಬಂದಾಗ ನನ್ನ ಜೊತೆ ಕೆಲಸ ಮಾಡೋ ಧಾರವಾಡದ ಕಡೆಯೋರೊಬ್ರು ನಿಜವಾಗ್ಲೂ ಬೇಜಾರ್ ಮಾಡ್ಕೊಂಡು ಕೇಳಿದ್ರು, "ಅಲ್ರೀ, ಇಡೀ ರಾಜ್ಯದಾಗ ಕಾಂಗ್ರೆಸ್ 135 ಗೆದ್ದದ, ಅಂಥಾ ಮನಷ್ಯಾನ್ನ ನೀವು ಹೆಂಗ ಸೋಲಿಸಿದ್ರಿ?" ಅಂತ. ಅವ್ರಿಗೆ ರಮೇಶ್ ಕುಮಾರ್ ಅಂದ್ರೆ 2019ರ ಜುಲೈನಲ್ಲಿ ಟಿವಿಲಿ ನೋಡಿದ ಸ್ಪೀಕರ್. ಸಂವಿಧಾನದ ಹತ್ತನೇ ಶೆಡ್ಯೂಲ್, ಅಂದ್ರೆ ಪಕ್ಷಾಂತರ ನಿಷೇಧ ಕಾನೂನು, ಬಾಯಲ್ಲಿ ಇಟ್ಕೊಂಡು, ಒಂದ್ ಗಳಿಗೆ ಗದರಿ, ಇನ್ನೊಂದ್ ಗಳಿಗೆ ನಗಿಸಿ, ಮತ್ತೊಂದ್ ಗಳಿಗೆ ಕಣ್ಣಲ್ಲಿ ನೀರ್ ತಂದ್ಕೊಂಡು ಮಾತಾಡ್ತಿದ್ದೋರು. ನಾನು ಆವತ್ತು ಅವ್ರಿಗೆ ಏನೋ ಹಾರಿಕೆ ಉತ್ತರ ಕೊಟ್ಟು ಸುಮ್ನಾದೆ, ಆದ್ರೆ ಈ ಪ್ರಶ್ನೆ ಆಮೇಲೂ ಬೇರೆ ಬೇರೆಯೋರಿಂದ ಬರ್ತಾನೇ ಇದೆ, ಅದಕ್ಕೆ ಒಂದ್ಸಲ ಕೂತು ಬರ್ದುಬಿಡೋಣ ಅಂತ.

ಮೊದಲ್ನೇದಾಗಿ, ನಾವು ಅವ್ರನ್ನ ಸೋಲಿಸಿದ್ದು ಅದೇನು ಮೊದಲಲ್ಲ. ಅವ್ರು ಸ್ಪೀಕರ್ ಆಗಿದ್ದು ಎರಡು ಸಲ, ಎರಡೂ ಸಲ ಅದಾದ್ಮೇಲೆ ಬಂದ ಚುನಾವಣೇಲಿ ಮನೆಗೆ ಕಳಿಸಿದೀವಿ. ರಾಜ್ಯದ ಕಣ್ಣಿಗೆ ಅವ್ರು ದೊಡ್ಡೋರಾದಷ್ಟೂ ಕ್ಷೇತ್ರದಲ್ಲಿ ವೋಟು ಕರಗುತ್ತೆ, ಅವ್ರ ಇಡೀ ರಾಜಕೀಯ ಜೀವನ ನೋಡಿದ್ರೆ ನಂಗೆ ಕಾಣೋದು ಇದೇ. ಇದರಲ್ಲಿ ತಪ್ಪು ಯಾರ್ದು ಅನ್ನೋದು ಬೇರೆ ಮಾತು.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ಬೇಕು. ಶ್ರೀನಿವಾಸಪುರ ಅಂದ್ರೆ ಕೋಲಾರ ಜಿಲ್ಲೆಯ ಆ ತುದಿ, ರಾಯಲ್ಪಾಡು ದಾಟಿದ್ರೆ ಆಂಧ್ರ, ಆ ಕಡೆಯ ಮದನಪಲ್ಲಿಯೂ ಅಷ್ಟೇನು ದೂರ ಇಲ್ಲ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಎರಡೂ ಕಲಸಿ. ವರ್ಷಪೂರ್ತಿ ಹರಿಯೋ ನದಿ ಇಲ್ಲ, ಕಾಲುವೆ ಇಲ್ಲ. ಮಾವು ಇದೆ, ಟೊಮೆಟೊ ಇದೆ, ಹಸು ಇದೆ, ರೇಷ್ಮೆ ಇದೆ. ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ವರ್ಷ ಆಯ್ತು. ಸ್ವಾಮಿ ಊರು ಅಡ್ಡಗಲ್, ನಮ್ಮ ತಾಲ್ಲೂಕಿನದ್ದೇ. ಬ್ರಾಹ್ಮಣ್ರು, ಕ್ಷೇತ್ರದಲ್ಲಿ ಆ ಜಾತಿ ವೋಟು ಎಣಿಸೋಷ್ಟೂ ಇಲ್ಲ. ಜಾತಿ ಲೆಕ್ಕದಲ್ಲೇ ಟಿಕೆಟ್ ಹಂಚೋ ಈ ಕಾಲದಲ್ಲಿ ಅಂಥೋರು ಆರು ಸಲ ಗೆದ್ದಿದ್ದು ಸಣ್ಣ ಸಂಗತಿ ಅಲ್ಲ, ಧಾರವಾಡದೋರು ಕೇಳ್ಬೇಕಾಗಿದ್ದು ಹೆಂಗೆ ಸೋಲಿಸಿದ್ರಿ ಅಂತ ಅಲ್ಲ, ಆರು ಸಲ ಹೆಂಗೆ ಗೆಲ್ಲಿಸಿದ್ರಿ ಅಂತ.

ಅದಕ್ಕೆ ಉತ್ತರ ಅಂದ್ರೆ ಪಾರ್ಟಿ. ಪಾರ್ಟಿ ಅಂದ್ರೆ ಕಾಂಗ್ರೆಸ್ಸು ಜೆಡಿಎಸ್ಸು ಅಲ್ಲ, ಸ್ವಾಮಿ ಪಾರ್ಟಿ, ರೆಡ್ಡಿ ಪಾರ್ಟಿ. ಇಬ್ರೂ ಪಕ್ಷ ಬದಲಾಯಿಸಿದ್ರು. ಸ್ವಾಮಿ ಕಾಂಗ್ರೆಸ್ಸಲ್ಲಿ ಶುರು ಮಾಡಿ, ಜನತಾ ಪರಿವಾರಕ್ಕೆ ಹೋಗಿ, ಮತ್ತೆ ಕಾಂಗ್ರೆಸ್ಸಿಗೆ ಬಂದ್ರು, ರೆಡ್ಡಿ ಕಾಂಗ್ರೆಸ್ಸಲ್ಲಿದ್ದು ಆಮೇಲೆ ಜೆಡಿಎಸ್ ಆದ್ರು. ಅಂದ್ರೆ 94ರಲ್ಲಿ ಕೈ ಗುರುತಿಗೆ ವೋಟ್ ಹಾಕಬಾರ್ದು ಅಂತ ಮನೆ ಮನೆ ತಿರುಗಿದ ಸ್ವಾಮಿ ಕಡೆಯೋರು ಹತ್ತು ವರ್ಷ ಆದ್ಮೇಲೆ ಅದೇ ಕೈ ಗುರುತಿಗೇ ವೋಟ್ ಕೇಳ್ಕೊಂಡು ಬಂದ್ರು, ಯಾರಿಗೂ ಏನೂ ಅನ್ನಿಸ್ಲಿಲ್ಲ. ಚಿಹ್ನೆ ಬದಲಾಗುತ್ತೆ, ಮನೆ ಬದಲಾಗಲ್ಲ. ನಮ್ಮಪ್ಪ ಸ್ವಾಮಿ ಕಡೆ, ನಮ್ಮ ಸೋದರಮಾವ ರೆಡ್ಡಿ ಕಡೆ, ಚುನಾವಣೆ ಟೈಮಲ್ಲಿ ಅಮ್ಮ ತವರಿಗೆ ಹೋಗ್ಬೇಕಂದ್ರೆ ಮುಖ ಸಣ್ಣ ಮಾಡ್ಕೊಳ್ತಿದ್ರು. ಊರಲ್ಲಿ ಹಾಲಿನ ಡೈರಿ ಸೆಕ್ರೆಟರಿ ಒಂದ್ ಪಾರ್ಟಿ ಆದ್ರೆ ನ್ಯಾಯಬೆಲೆ ಅಂಗಡಿ ಇನ್ನೊಂದ್ ಪಾರ್ಟಿ. ಜಾತ್ರೇಲಿ ತೇರಿನ ಮುಂದೆ ತಮಟೆ ಯಾರ ಕಡೆಯೋರು ಕರೆಸ್ಬೇಕು ಅನ್ನೋದಕ್ಕೂ ಜಗಳ ಆಗಿದ್ದುಂಟು. ಟೀ ಅಂಗಡಿಗೆ ಹೊಸಬರು ಯಾರಾದ್ರೂ ಬಂದ್ರೆ ಕೇಳೋ ಮೊದಲ ಪ್ರಶ್ನೆ, "ಮೀರು ಸ್ವಾಮೇನಾ, ರೆಡ್ಡೇನಾ?" ಅಂತ. ಎರಡೂ ಅಲ್ಲ ಅಂದ್ರೆ ನಂಬಲ್ಲ, ಏನೋ ಮುಚ್ಚಿಡ್ತಿದಾನೆ ಅಂದ್ಕೊಳ್ತಾರೆ.

ಇನ್ನು ಮತದಾನ ಅಂತೂ ಕೇಳಲೇಬೇಡಿ, ಬೆಂಗಳೂರಲ್ಲಿ ಅರ್ಧ ಜನ ಬೂತಿಗೆ ಬಂದ್ರೆ ಹೆಚ್ಚು, ನಮ್ಮಲ್ಲಿ ಶೇಕಡ 80 ದಾಟೋದು ಮಾಮೂಲು. ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋದೋರಿಗೂ ಬಸ್ ಚಾರ್ಜ್ ಕೊಟ್ಟು ಕರೆಸ್ತಾರೆ, ಎರಡೂ ಕಡೆಯೋರು.

ಇಂಥಾ ಕ್ಷೇತ್ರದಿಂದ ಹೋದೋರು 1994ರ ಡಿಸೆಂಬರಲ್ಲಿ ವಿಧಾನಸಭೆ ಸ್ಪೀಕರ್ ಆದ್ರು. ದೇವೇಗೌಡ್ರು ಮುಖ್ಯಮಂತ್ರಿ, ಜನತಾದಳದ ಸರ್ಕಾರ. ಆಮೇಲೆ ಗೌಡ್ರು ಪ್ರಧಾನಿ ಆಗಿ ದೆಹಲಿಗೆ ಹೋದ್ರು, ಜೆ.ಎಚ್. ಪಟೇಲ್ರು ಬಂದ್ರು, ಸ್ವಾಮಿ 1999ರವರೆಗೂ ಅದೇ ಕುರ್ಚಿಲಿದ್ರು. ತಮಾಷೆ ಅಂದ್ರೆ ಅವ್ರಾದ್ಮೇಲೆ ಸ್ಪೀಕರ್ ಆದ ಎಂ.ವಿ. ವೆಂಕಟಪ್ಪನವರೂ ಪಕ್ಕದ ಮುಳಬಾಗಿಲಿನೋರೇ, ಹತ್ತಿರ ಹತ್ತಿರ ಹತ್ತು ವರ್ಷ ಆ ಕುರ್ಚಿ ಕೋಲಾರ ಜಿಲ್ಲೆ ಬಿಟ್ಟು ಅಲ್ಲಾಡಿಲ್ಲ. ಜಿಲ್ಲೆಗೆ ಅದ್ರಿಂದ ಒಂದ್ ತೊಟ್ಟು ನೀರಾದ್ರೂ ಬಂತಾ ಅಂತ ನಮ್ಮ ಮಾವ ಕೇಳ್ತಿದ್ರು, ಅದ್ರಲ್ಲಿ ಅರ್ಧ ಹೊಟ್ಟೆಕಿಚ್ಚು, ಅರ್ಧ ನಿಜ.

ಯಾಕಂದ್ರೆ ಸ್ಪೀಕರ್ ಆದೋನಿಗೆ ಇಲಾಖೆ ಇಲ್ಲ. ಸದನದಲ್ಲಿ ನಮ್ಮೂರಿಗೆ ಟ್ರಾನ್ಸ್‌ಫಾರ್ಮರ್ ಕೊಡಿ ಅಂತ ಎದ್ದು ನಿಂತು ಪ್ರಶ್ನೆ ಕೇಳೋ ಹಂಗಿಲ್ಲ, ಪ್ರಶ್ನೆ ಕೇಳೋಕೆ ಬೇರೆಯೋರಿಗೆ ಅವಕಾಶ ಕೊಡೋದು ಅವ್ರ ಕೆಲಸ. ಪಕ್ಷದ ಕಚೇರಿಗೆ ಹೋಗಿ ಕೂರೋದೂ ಚೆಂದ ಕಾಣಲ್ಲ. ಮಂತ್ರಿ ಆದ್ರೆ ಒಂದ್ ಸಹಿಗೆ ಕೆಲಸ ಆಗುತ್ತೆ, ಎಮ್ಮೆಲ್ಲೆ ಆಗಿದ್ರೆ ದಿನಾ ಊರಲ್ಲಿ ಸಿಗ್ತಾರೆ, ಸ್ಪೀಕರ್ ಇದೆರಡೂ ಅಲ್ಲ. ಗೌರವ ಮಾತ್ರ ಬೇಜಾನ್. ನಮ್ಮ ಜನಕ್ಕೆ ಗೌರವದಿಂದ ಏನಾಗ್ಬೇಕು ಹೇಳಿ.

ನಮ್ಮಂಥ ತಾಲ್ಲೂಕಲ್ಲಿ ಎಮ್ಮೆಲ್ಲೆ ಅಂದ್ರೆ ಏನು ಅಂತ ಪೇಟೆಯೋರಿಗೆ ಗೊತ್ತಾಗೋದು ಕಷ್ಟ. ಶಾಸನ ಮಾಡೋನು ಶಾಸಕ ಅಂತ ಪುಸ್ತಕದಲ್ಲಿ ಇರುತ್ತೆ, ಇಲ್ಲಿ ಶಾಸಕ ಅಂದ್ರೆ ಬಗರ್ ಹುಕುಂ ಕಮಿಟಿ. ಸರ್ಕಾರಿ ಜಮೀನಲ್ಲಿ ಅಪ್ಪನ ಕಾಲದಿಂದ ಉಳ್ತಾ ಇರೋರು ಫಾರಂ 50, 53, ಈಚೆಗೆ 57 ಅಂತ ಅರ್ಜಿ ಹಾಕಿರ್ತಾರೆ, ಆ ಅರ್ಜಿನ ಮುಂದೆ ಇಟ್ಕೊಂಡು ಇದಕ್ಕೆ ಹೂಂ ಇದಕ್ಕೆ ಊಹೂಂ ಅನ್ನೋ ಸಮಿತಿಗೆ ಅಧ್ಯಕ್ಷ ಎಮ್ಮೆಲ್ಲೆ. ಒಂದೆಕರೆ ಎರಡೆಕರೆ ಸಾಗುವಳಿ ಚೀಟಿ ಕೈಗೆ ಬಂದ್ರೆ ಆ ಮನೆ ಮೂರು ತಲೆಮಾರು ಆ ಪಾರ್ಟಿಗೆ. ಬರ್ಲಿಲ್ಲ ಅಂದ್ರೆ ಮೂರು ತಲೆಮಾರು ಇನ್ನೊಂದ್ ಪಾರ್ಟಿಗೆ. ಆಶ್ರಯ ಮನೆ ಪಟ್ಟಿ ಅದೂ ಹಂಗೇ. ಆಮೇಲೆ ಪೋಡಿ (ಜಮೀನು ಅಳೆದು ಬೇರೆ ಸರ್ವೆ ನಂಬರ್ ಮಾಡಿಕೊಡೋದು), ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗೆ 94ಸಿ ಹಕ್ಕುಪತ್ರ, ವಿಧವಾ ವೇತನ, ಪೊಲೀಸ್ ಸ್ಟೇಷನ್ನಿಗೆ ಒಂದ್ ಫೋನು, ಆಸ್ಪತ್ರೇಲಿ ಬೆಡ್ಡಿಗೆ ಇನ್ನೊಂದ್ ಫೋನು. ಹೈದರಾಬಾದಲ್ಲಿ ಓದೋ ಮಗನ ಫೀಸು ಕಮ್ಮಿ ಮಾಡ್ಸಿ ಅಂತ ಬರೋರೂ ಇದಾರೆ. ನಮ್ಮಪ್ಪನ ಜೊತೆ ಒಂದ್ಸಲ ನಾನು ತಾಲ್ಲೂಕ್ ಆಫೀಸಿಗೆ ಹೋಗಿದ್ದೆ, ಪೋಡಿ ವಿಷಯಕ್ಕೆ. ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ರು ಪ್ಲಾಸ್ಟಿಕ್ ಕವರೊಳಗಿಂದ ಒಂದು ಅರ್ಜಿ ತೆಗೆದು ತೋರಿಸಿದ್ರು, ಮಡಿಕೆ ಮಡಿಕೆಲೂ ಹರಿದು ಟೇಪ್ ಹಾಕಿದ್ದು, ಮೇಲೆ ಎರಡು ಶಿಫಾರಸ್ಸು, ಒಂದು ಸ್ವಾಮಿ ಎಮ್ಮೆಲ್ಲೆ ಆಗಿದ್ದಾಗಿನದು, ಇನ್ನೊಂದು ರೆಡ್ಡಿ ಎಮ್ಮೆಲ್ಲೆ ಆಗಿದ್ದಾಗಿನದು. "ಇಬ್ರೂ ಒಳ್ಳೇರೇ ಬಿಡಪ್ಪ, ಈ ಸರ್ವೆಯರ್ ಬರ್ಬೇಕಲ್ಲ" ಅಂದ್ರು. ಇಬ್ಬರು ಅತಿರಥ ಮಹಾರಥರು ನಲವತ್ತೈದು ವರ್ಷ ಕಾದಾಡಿದ ಕ್ಷೇತ್ರದಲ್ಲಿ ಆ ಅರ್ಜಿ ಕವರ್ ಬಿಟ್ಟು ಆಚೆ ಹೋಗಿರ್ಲಿಲ್ಲ.

ಮಂತ್ರಿಗಿರಿ ಅವ್ರಿಗೆ ಸಿಕ್ಕಿದ್ದು ತುಂಬಾ ತಡವಾಗಿ. 2013ರಲ್ಲಿ ಗೆದ್ರೂ ಸಿದ್ದರಾಮಯ್ಯನೋರ ಸಂಪುಟಕ್ಕೆ ಸೇರಿದ್ದು 2016ರ ಜೂನಲ್ಲಿ, ಆರೋಗ್ಯ ಖಾತೆ. ಅಲ್ಲಿ ಅವ್ರು ಕೈ ಹಾಕಿದ್ದು ಸೀದಾ ಜೇನುಗೂಡಿಗೆ. ಖಾಸಗಿ ಆಸ್ಪತ್ರೆಗಳ ಮೇಲೆ ಹಿಡಿತ ತರೋ ಕೆಪಿಎಂಇ, ಅಂದ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ. ದರ ನಿಗದಿ ಮಾಡ್ತೀವಿ, ಮುಂಗಡ ಕಟ್ಟಿಲ್ಲ ಅಂತ ಎಮರ್ಜೆನ್ಸಿ ರೋಗಿನ ವಾಪಸ್ ಕಳಿಸ್ಬಾರ್ದು, ಬಿಲ್ ಬಾಕಿ ಇದೆ ಅಂತ ಹೆಣ ಇಟ್ಕೊಂಡು ಕೂರ್ಬಾರ್ದು, ದೂರು ಕೇಳೋಕೆ ಜಿಲ್ಲೆಲಿ ಸಮಿತಿ ಇರ್ಬೇಕು, ತಪ್ಪು ಮಾಡಿದ್ರೆ ಜೈಲು, ಹಿಂಗೆಲ್ಲಾ. 2017ರ ನವೆಂಬರಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಡಾಕ್ಟರುಗಳು ರಾಜ್ಯಪೂರ್ತಿ ಮುಷ್ಕರ ಹೂಡಿದ್ರು, ಓಪಿಡಿ ಬಂದ್, ಜನ ಪರದಾಡಿದ್ರು. ಸ್ವಾಮಿ ಹಿಂದೆ ಸರಿಯಲ್ಲ ಅಂತ ಹಠ ಹಿಡಿದ್ರು, ಕೊನೆಗೆ ಮುಖ್ಯಮಂತ್ರಿ ಮಧ್ಯೆ ಬಂದು ಮಾತಾಡಿ, ಒಂದಷ್ಟು ಸಡಿಲ ಮಾಡ್ಕೊಂಡು ಮಸೂದೆ ಪಾಸಾಯ್ತು. ಮೊದಲು ಬರ್ದಿದ್ದ ಖಾರ ಉಳೀಲಿಲ್ಲ, ಆದ್ರೂ ಹೆಣ ಇಟ್ಕೊಳ್ಳೋ ಹಂಗಿಲ್ಲ ಅನ್ನೋದು ಕಾನೂನಲ್ಲಿ ಉಳೀತು. ನನ್ನ ಕೇಳಿದ್ರೆ ಅವ್ರು ಮಾಡಿದ ಕೆಲಸಗಳಲ್ಲಿ ತೂಕದ್ದು ಇದೇ, ಸ್ಪೀಕರ್ ಕುರ್ಚಿಲಿ ಕೂತು ಆಡಿದ ಮಾತುಗಳಲ್ಲ. ಆದ್ರೆ ಯೂಟ್ಯೂಬಲ್ಲಿ ಓಡೋದು ಮಾತೇ.

ಇನ್ನೊಂದು ಕೆಸಿ ವ್ಯಾಲಿ. ಇದನ್ನ ಬರಿಯೋಕೆ ಹೋದ್ರೆ ಪ್ರತ್ಯೇಕ ಪೋಸ್ಟೇ ಬೇಕು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಪಂಪ್ ಮಾಡಿ ಕೋಲಾರ ಜಿಲ್ಲೆಯ 126 ಕೆರೆ ತುಂಬಿಸೋ ಯೋಜನೆ. ಪಶ್ಚಿಮ ಘಟ್ಟದಿಂದ ನೀರು ತರೋ ಎತ್ತಿನಹೊಳೆ ಯೋಜನೆಗೆ 2014ರಲ್ಲೇ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದ್ರು, ಆ ನೀರಿಗೆ ನಾವು ಕತ್ತು ಉದ್ದ ಮಾಡ್ಕೊಂಡು ಕಾಯ್ತಾನೇ ಇದೀವಿ, ಆದ್ರೆ ಇದು ಮಾತ್ರ 2018ರ ಜೂನಲ್ಲಿ ನಿಜವಾಗ್ಲೂ ಬಂತು, ಲಕ್ಷ್ಮೀಸಾಗರದ ಕೆರೆಗೆ. ಇದನ್ನ ಬೆನ್ನು ಹತ್ತಿ ಮಾಡಿಸಿದ್ದು ಸ್ವಾಮಿ, ವಿರೋಧಿಗಳೂ ಇದನ್ನ ಇಲ್ಲ ಅನ್ನಲ್ಲ. ನೀರು ಬಂದ ಹೊಸದ್ರಲ್ಲಿ ಜನ ತಂಡ ತಂಡವಾಗಿ ನೋಡೋಕೆ ಹೋದ್ರು, ಏರಿ ಮೇಲೆ ನಿಂತು ಸೆಲ್ಫಿ, ಕೆಲವರು ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದ್ರು. ಒಂದು ತಿಂಗಳೊಳಗೆ ಅದೇ ನೀರಲ್ಲಿ ನೊರೆ ಬಂತು, ಬೆಳ್ಳಂದೂರಿನ ನೊರೆ ನಮ್ಮೂರಿಗೂ ಬಂತಲ್ಲಪ್ಪಾ ಅಂತ ಎದೆ ಝಲ್ ಅಂತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿಯೋರು ಎರಡು ಹಂತ ಶುದ್ಧೀಕರಣ ಸಾಲಲ್ಲ, ಮೂರನೇ ಹಂತಾನೂ ಮಾಡಿ ಅಂತ ಕೋರ್ಟಿಗೆ ಹೋದ್ರು, ಹೈಕೋರ್ಟು ಸುಪ್ರೀಂ ಕೋರ್ಟು ಎರಡೂ ಕಡೆ ಕೇಸ್ ನಡೀತು, ನಡುವೆ ನೀರು ನಿಂತು ಮತ್ತೆ ಶುರುವಾಯ್ತು. ಕೆರೆ ತುಂಬಿದ ಕಡೆ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಮೇಲಕ್ಕೆ ಬಂದಿದ್ದು ಕಣ್ಣಾರೆ ಕಂಡಿದ್ದೀವಿ. ಆ ನೀರಲ್ಲಿ ಬೆಳೆದ ಸೊಪ್ಪು ತಿನ್ಬೋದಾ ಅನ್ನೋ ಅನುಮಾನಾನೂ ಮನೆ ಮನೇಲಿ ಇದೆ. ಎರಡೂ ನಿಜ. ಮೂರನೇ ಹಂತದ ಶುದ್ಧೀಕರಣ ಕೇಳಿದೋರನ್ನೆಲ್ಲಾ ಕೋಲಾರದ ಶತ್ರುಗಳು ಅನ್ನೋ ಹಂಗೆ ಸ್ವಾಮಿ ಕಡೆಯೋರು ಮಾತಾಡಿದ್ದು ನಂಗೆ ಆಗ್ಲೂ ಸರಿ ಅನ್ನಿಸಿರ್ಲಿಲ್ಲ, ಈಗ್ಲೂ ಇಲ್ಲ.

ಸರಿ, 2018. ಅದೇ ವರ್ಷ ಮೇನಲ್ಲಿ ಅವ್ರು ರೆಡ್ಡಿನ ಸುಮಾರು ಹತ್ತೂವರೆ ಸಾವಿರ ವೋಟಿಂದ ಸೋಲಿಸಿ ಸತತ ಎರಡನೇ ಸಲ ಗೆದ್ರು, ಮಗ್ಗಿ ತಪ್ಪಿದ್ದು ಆಗಲೇ. ಯಡಿಯೂರಪ್ಪನೋರು 17ಕ್ಕೆ ಪ್ರಮಾಣ ವಚನ ತಗೊಂಡು 19ಕ್ಕೆ ರಾಜೀನಾಮೆ ಕೊಟ್ರು, ಕುಮಾರಸ್ವಾಮಿ ಬಂದ್ರು, 25ನೇ ತಾರೀಖು ಸ್ಪೀಕರ್ ಆಯ್ಕೆ. ಬಿಜೆಪಿಯಿಂದ ಸುರೇಶ್ ಕುಮಾರ್ ನಾಮಪತ್ರ ಹಾಕಿದ್ದೋರು ವಾಪಸ್ ತಗೊಂಡ್ರು, ಸ್ವಾಮಿ ಅವಿರೋಧವಾಗಿ ಆಯ್ಕೆ ಆದ್ರು. ಮತ್ತೆ ಅದೇ ಕುರ್ಚಿ, ಸುಮಾರು ಹತ್ತೊಂಬತ್ತು ವರ್ಷ ಆದ್ಮೇಲೆ. ಕೋಲಾರದಲ್ಲಿ ಪಟಾಕಿ ಹೊಡೆದ್ರು. ನಮ್ಮಪ್ಪ ಮಾತ್ರ "ಅಯ್ಯೋ ಮಂತ್ರಿ ಮಾಡ್ಲಿಲ್ವಾ" ಅಂತ ಕೈ ಹಿಸುಕ್ಕೊಂಡ್ರು, 99 ನೆನಪಿತ್ತಲ್ಲ ಅವ್ರಿಗೆ.

ಇಲ್ಲೊಂದು ವಿಚಿತ್ರ ನೋಡಿ, ಬೆಂಗಳೂರಲ್ಲಿ ಕಾಂಗ್ರೆಸ್ಸು ಜೆಡಿಎಸ್ಸು ಒಟ್ಟಿಗೆ ಸರ್ಕಾರ ಮಾಡ್ತಿದ್ವು, ಶ್ರೀನಿವಾಸಪುರದಲ್ಲಿ ಕಾಂಗ್ರೆಸ್ಸಿನ ಸ್ವಾಮಿ ಪಾರ್ಟಿ, ಜೆಡಿಎಸ್ಸಿನ ರೆಡ್ಡಿ ಪಾರ್ಟಿ ಮುಖ ಕೊಟ್ಟು ಮಾತಾಡ್ತಿರ್ಲಿಲ್ಲ.

2019ರ ಜುಲೈ ಬಗ್ಗೆ ಎಲ್ಲರಿಗೂ ಗೊತ್ತಿರೋದೇ. ಕಾಂಗ್ರೆಸ್ಸು ಜೆಡಿಎಸ್ಸಿನ ಶಾಸಕರೇ ಒಬ್ಬೊಬ್ರಾಗಿ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರ್ಕೊಂಡ್ರು. ನಮ್ಮ ಜಿಲ್ಲೆಯ ಮುಳಬಾಗಿಲಿನ ಪಕ್ಷೇತರ ಎಚ್. ನಾಗೇಶ್ ಮಂತ್ರಿಗಿರಿ ಬಿಟ್ಟು ಬೆಂಬಲ ವಾಪಸ್ ತಗೊಂಡ್ರು, ಪಕ್ಕದ ಚಿಕ್ಕಬಳ್ಳಾಪುರದ ಸುಧಾಕರ್ ರಾಜೀನಾಮೆ ಕೊಡೋಕೆ ಹೋದಾಗ ವಿಧಾನಸೌಧದ ಒಳಗೇ ಎಳೆದಾಟ ಆಯ್ತು. ಸ್ವಾಮಿ ನೋಡಿದ್ರೆ ಹದಿಮೂರು ರಾಜೀನಾಮೇಲಿ ಎಂಟು ಸರಿಯಾದ ನಮೂನೆಲೇ ಇಲ್ಲ ಅಂತ ಪಕ್ಕಕ್ಕಿಟ್ರು. ಸುಪ್ರೀಂ ಕೋರ್ಟ್ ಸಂಜೆ ಆರಕ್ಕೆ ಮೊದಲು ಸ್ಪೀಕರ್ ಮುಂದೆ ಹಾಜರಾಗಿ ಅಂತ ಹೇಳಿದ ದಿನ, ಏರ್‌ಪೋರ್ಟಿಂದ ಬಂದ ಶಾಸಕರು ವಿಧಾನಸೌಧದ ಕಾರಿಡಾರಲ್ಲಿ ಓಡಿದ್ದನ್ನ ಇಡೀ ರಾಜ್ಯ ನೋಡಿ ನಕ್ತು. ರಾಜ್ಯಪಾಲ ವಜುಭಾಯಿ ವಾಲಾ ಇಷ್ಟು ಗಂಟೆಯೊಳಗೆ ವಿಶ್ವಾಸಮತ ಮುಗಿಸಿ ಅಂತ ಪತ್ರ ಬರೆದ್ರು, ಗಂಟೆ ದಾಟಿ ಹೋಯ್ತು, ಚರ್ಚೆ ನಡೀತಾನೇ ಇತ್ತು. ಸ್ಪೀಕರ್ ಬೇಕಂತ್ಲೇ ಎಳೀತಿದಾರೆ, ಸರ್ಕಾರ ಉಳಿಸೋಕೆ ಟೈಮ್ ಕೊಡ್ತಿದಾರೆ ಅಂತ ಬಿಜೆಪಿಯೋರು ಬೈದ್ರು, ಅದ್ರಲ್ಲಿ ಹುರುಳಿಲ್ಲ ಅಂತ ನಾನೂ ಹೇಳಲ್ಲ.

23ರ ಸಂಜೆ ನಾನು ಶ್ರೀನಿವಾಸಪುರದ ಮಾವಿನ ಮಂಡಿಲಿದ್ದೆ, ಸೀಸನ್ ಕೊನೆ, ತೋತಾಪುರಿ ಲೋಡುಗಳು. ಹರಾಜು ಕೂಗೋನು ಫೋನನ್ನ ಕ್ರೇಟಿಗೆ ಒರಗಿಸಿ ಇಟ್ಟಿದ್ದ, ಸುತ್ತ ಹಮಾಲಿಗಳು, ಡ್ರೈವರ್‌ಗಳು, ಒಬ್ರು ರೆಡ್ಡಿ ಕಡೆಯ ಪಂಚಾಯ್ತಿ ಮೆಂಬರ್ರು. ವಿಶ್ವಾಸಮತದ ಪರವಾಗಿ 99, ವಿರುದ್ಧ 105, ಸರ್ಕಾರ ಬಿತ್ತು ಅಂತ ಬಂದಾಗ ಯಾರೂ ಮಾತಾಡ್ಲಿಲ್ಲ, ಆ ಮೆಂಬರ್ರೇ ಮೊದಲು ಬಾಯಿ ಬಿಟ್ಟಿದ್ದು, "ಏಮನ್ನಾ ಅನು, ಮಾ ಸ್ವಾಮಿ ಮಾಟ್ಲಾಡಿತೇ ವಿನಾಲ" ಅಂತ. ಯಾರ್ ಏನೇ ಅನ್ಲಿ, ನಮ್ಮ ಸ್ವಾಮಿ ಮಾತಾಡಿದ್ರೆ ಕೇಳ್ಬೇಕು ಅಂತ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ವೋಟ್ ಮಾತ್ರ ಹಾಕಲ್ಲ" ಅಂದ್ರು. ಎಲ್ರೂ ನಕ್ರು, ಹರಾಜು ಮತ್ತೆ ಶುರುವಾಯ್ತು.

ಎರಡು ದಿನ ಆದ್ಮೇಲೆ ಮೂವರು, 28ನೇ ತಾರೀಖು ಭಾನುವಾರ ಇನ್ನೂ ಹದಿನಾಲ್ಕು ಜನ, ಒಟ್ಟು 17 ಶಾಸಕರನ್ನ ಅನರ್ಹ ಮಾಡಿದ್ರು, ಅದೂ ಆ ವಿಧಾನಸಭೆ ಅವಧಿ ಮುಗಿಯೋವರೆಗೂ ಸ್ಪರ್ಧೆ ಮಾಡೋ ಹಂಗಿಲ್ಲ ಅಂತ. ಮಾರನೇ ದಿನ ಯಡಿಯೂರಪ್ಪ ವಿಶ್ವಾಸಮತ ಗೆದ್ರು, ಹಣಕಾಸು ಮಸೂದೆ ಪಾಸಾಯ್ತು, ಇವ್ರು ರಾಜೀನಾಮೆ ಕೊಟ್ಟು ಕೆಳಗಿಳಿದ್ರು. ನವೆಂಬರ್ 13ಕ್ಕೆ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಅನರ್ಹತೆ ಸರಿ ಅಂತು, ಆದ್ರೆ ಅವಧಿ ಮುಗಿಯೋವರೆಗೆ ನಿಲ್ಲಬಾರ್ದು ಅನ್ನೋ ಅಧಿಕಾರ ಸ್ಪೀಕರಿಗಿಲ್ಲ ಅಂತ ಆ ಭಾಗ ಹೊಡೆದು ಹಾಕ್ತು. ಅಲ್ಲಿಗೆ ಬಾಗಿಲು ಪೂರ್ತಿ ತೆರೆದ ಹಂಗಾಯ್ತು. ಡಿಸೆಂಬರಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ, ಬಿಜೆಪಿ 12 ಗೆದ್ತು, ಸುಧಾಕರ್ ಗೆದ್ದು ಮಂತ್ರಿ ಆದ್ರು, ಮುಂದೆ ಸ್ವಾಮಿ ಕೂತಿದ್ದ ಆರೋಗ್ಯ ಇಲಾಖೆಗೇ ಮಂತ್ರಿ ಆದ್ರು! ಸಂವಿಧಾನ ಉಳಿಸಿದ್ರು ಅಂತ ರಾಜ್ಯ ಚಪ್ಪಾಳೆ ತಟ್ಟಿದ ಆದೇಶದಿಂದ ಯಾರ ರಾಜಕೀಯಾನೂ ಮುಗೀಲಿಲ್ಲ, ನಾಲ್ಕು ತಿಂಗಳ ರಜೆ ಅಷ್ಟೇ. ಇದು ಸ್ವಾಮಿ ತಪ್ಪಲ್ಲ, 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬರೆದಾಗ್ಲೇ ಬಿಟ್ಟ ತೂತು. 2003ರಲ್ಲಿ ಪಕ್ಷದ ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಒಡೆದು ಹೋಗೋ ದಾರಿ ಮುಚ್ಚಿದ್ರು, ರಾಜೀನಾಮೆ ಕೊಟ್ಟು ಹೋಗೋ ದಾರಿ ಹಂಗೇ ಉಳಿದಿತ್ತು.

ಪಕ್ಷಾಂತರದ ಬಗ್ಗೆ ಅಷ್ಟು ಮಾತಾಡೋರು ಅವ್ರೇ ಪಕ್ಷ ಬದಲಿಸಿಲ್ವಾ ಅಂತ ರೆಡ್ಡಿ ಕಡೆಯೋರು ಕೇಳ್ತಾರೆ. ಬದಲಿಸಿದಾರೆ. ಆದ್ರೆ ಹೊಸ ಚಿಹ್ನೆ ಹಿಡ್ಕೊಂಡು ನಮ್ಮ ಮುಂದೆ ಬಂದು ನಿಂತಿದ್ದಾರೆ, ನಾವು ಕೆಲವು ಸಲ ಬಾ ಅಂದಿದೀವಿ, ಕೆಲವು ಸಲ ಹೋಗು ಅಂದಿದೀವಿ. ಹೋಟೆಲ್ ರೂಮಿಗೂ ಇದಕ್ಕೂ ವ್ಯತ್ಯಾಸ ಇದೆ ಅಂತ ನನ್ನ ವಾದ, ಮಾವ ಒಪ್ಪಲ್ಲ.

ಇನ್ನು ಅವ್ರ ನಾಲಿಗೆ. ಅವ್ರನ್ನ ಬೆಳೆಸಿದ್ದೂ ಅದೇ, ಕೆಡಿಸಿದ್ದೂ ಅದೇ. 2019ರ ಫೆಬ್ರವರಿಲಿ, ಶಾಸಕರಿಗೆ ಆಮಿಷ ಒಡ್ಡಿದ್ರು ಅನ್ನೋ ಆಡಿಯೋ ಟೇಪ್ ಗಲಾಟೆ ನಡೆದಾಗ ತನ್ನ ಸ್ಥಿತಿನ ಅತ್ಯಾಚಾರ ಸಂತ್ರಸ್ತೆಗೆ ಹೋಲಿಸಿಕೊಂಡು ಮಾತಾಡಿದ್ರು, ಆಗ್ಲೇ ಬೈಸ್ಕೊಂಡ್ರು. ಬುದ್ಧಿ ಬಂದಿರುತ್ತೆ ಅಂದ್ಕೊಂಡ್ರೆ 2021ರ ಡಿಸೆಂಬರಲ್ಲಿ ಬೆಳಗಾವಿ ಸದನದಲ್ಲಿ ಅದಕ್ಕಿಂತ ಕೀಳಾದ ಮಾತು. ಅದನ್ನ ಇಲ್ಲಿ ಬರೆಯಲ್ಲ, ನಮ್ಮಮ್ಮ ಇದನ್ನ ಓದ್ತಾರೆ. ಸ್ಪೀಕರ್ ಕಾಗೇರಿ ನಕ್ರು, ಸದನದಲ್ಲಿ ಇನ್ನೂ ಕೆಲವರು ನಕ್ರು, ಮಾರನೇ ದಿನ ಸ್ವಾಮಿ ಕ್ಷಮೆ ಕೇಳಿದ್ರು. ಸದನದ ಘನತೆ ಬಗ್ಗೆ ಬೇರೆಯೋರಿಗೆ ಗಂಟೆಗಟ್ಲೆ ಪಾಠ ಹೇಳಿದ ಮನುಷ್ಯ ಇದು. ಮೊದಲ ಸಲ ಬಾಯಿ ತಪ್ಪಿ ಬಂತು ಅನ್ಬೋದು, ಎರಡನೇ ಸಲಕ್ಕೆ ಆ ರಿಯಾಯ್ತಿ ಇಲ್ಲ. ನಮ್ಮ ಕಡೆ ಸ್ತ್ರೀಶಕ್ತಿ ಸಂಘದ ಹೆಣ್ಮಕ್ಳು ಅವ್ರ ದೊಡ್ಡ ಬಲ, ಡಿಸಿಸಿ ಬ್ಯಾಂಕಿಂದ ಸಂಘಗಳಿಗೆ ಸಾಲ ಸಿಕ್ಕ ಕಾಲದಲ್ಲಿ ಎಷ್ಟೋ ಮನೆಗೆ ಹಸು ಬಂತು, ಅದನ್ನ ಯಾರೂ ಮರೆತಿಲ್ಲ. ಆ ಮಾತನ್ನೂ ಮರೀಲಿಲ್ಲ. ಆಮೇಲೆ 2022ರಲ್ಲಿ, ನೆಹರು ಇಂದಿರಾ ಸೋನಿಯಾ ಹೆಸರೇಳ್ಕೊಂಡು ಮೂರ್ನಾಲ್ಕು ತಲೆಮಾರಿಗೆ ಆಗೋವಷ್ಟು ಮಾಡ್ಕೊಂಡಿದೀವಿ, ಈಗ ಋಣ ತೀರಿಸ್ಬೇಕು ಅನ್ನೋ ಅರ್ಥದಲ್ಲಿ ಅವ್ರ ಪಕ್ಷದೋರ ಮುಂದೇನೇ ಹೇಳಿದ್ರು. ನಿಜ ಹೇಳಿದ್ರಲ್ಲ ಅಂತ ಎದುರಾಳಿಗಳು ಕುಣಿದಾಡಿದ್ರು. ಮಂಡಿಲಿ ಆ ವಿಡಿಯೋ ಎಷ್ಟ್ ಸಲ ಫಾರ್ವರ್ಡ್ ಆಯ್ತೋ ಲೆಕ್ಕ ಇಲ್ಲ.

ಪಕ್ಷದೊಳಗಿನ ಜಗಳ ಬೇರೆ. ಕೋಲಾರ ಕಾಂಗ್ರೆಸ್ಸಲ್ಲಿ ಏಳು ಸಲ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪನೋರ ಗುಂಪು ಒಂದು, ಸ್ವಾಮಿ ಗುಂಪು ಇನ್ನೊಂದು. 2019ರ ಲೋಕಸಭೇಲಿ ಮುನಿಯಪ್ಪ ಬಿಜೆಪಿಯ ಮುನಿಸ್ವಾಮಿ ಎದುರು ಸೋತಾಗ ನಮ್ಮೋರೇ ಸೋಲಿಸಿದ್ರು ಅಂತ ಬಹಿರಂಗವಾಗೇ ದೂರಿದ್ರು. 2023ಕ್ಕೆ ಆ ಬಾಕಿ ಚುಕ್ತಾ ಆಯ್ತು ಅಂತ ನಮ್ಮ ಕಡೆ ಮಾತು. ಮಾತೇ, ಪುರಾವೆ ಕೇಳ್ಬೇಡಿ. 2024ರ ಲೋಕಸಭೆ ಟಿಕೆಟ್ಟಿಗೂ ಅದೇ ಎರಡು ಗುಂಪು ಕಿತ್ತಾಡಿ, ಕೊನೆಗೆ ಎರಡೂ ಕಡೆ ಅಲ್ಲದ ಗೌತಮ್ ಅವ್ರಿಗೆ ಟಿಕೆಟ್ ಹೋಗಿ, ಜೆಡಿಎಸ್ಸಿನ ಮಲ್ಲೇಶ್ ಬಾಬು ಗೆದ್ರು.

2023ರಲ್ಲಿ ರೆಡ್ಡಿ ಗೆದ್ದ ಅಂತರಾನೂ ಹತ್ತೂವರೆ ಸಾವಿರದ ಆಸುಪಾಸೇ. 2018ರಲ್ಲಿ ಸ್ವಾಮಿಗೆ ಎಷ್ಟು ಕೊಟ್ಟಿದ್ರೋ ಹೆಚ್ಚೂಕಮ್ಮಿ ಅಷ್ಟೇ ತೂಕ ಹಾಕಿ ವಾಪಸ್ ತಗೊಂಡಿದಾರೆ. ಸತತ ಎರಡು ಸಲ ಸೋತ ರೆಡ್ಡಿ ಮೇಲೆ ಪಾಪ ಅನ್ನೋ ಭಾವನೆ ಇತ್ತು, ಅದು ಸುಳ್ಳಲ್ಲ. ಹತ್ತು ವರ್ಷ ಆಯ್ತು, ಸ್ವಾಮಿ ಕಡೆಯೋರು ಸ್ವಲ್ಪ ಜಾಸ್ತೀನೇ ಮೆರೀತಿದ್ರು, ಊರೂರಲ್ಲಿ ಎರಡನೇ ಸಾಲಿನ ಲೀಡರ್‌ಗಳು, ಅದೂ ನಿಜ. ಜಿಲ್ಲೆಯ ಆರರಲ್ಲಿ ನಾಲ್ಕು ಕಾಂಗ್ರೆಸ್ ಗೆದ್ದು, ನಾವೂ ಮುಳಬಾಗಿಲೂ ಮಾತ್ರ ಜೆಡಿಎಸ್. ಅದೇ ಚುನಾವಣೇಲಿ ಚಿಕ್ಕಬಳ್ಳಾಪುರದಲ್ಲಿ ಸುಧಾಕರ್ ಪ್ರದೀಪ್ ಈಶ್ವರ್ ಎದುರು ಸೋತ್ರು, ಶಿರಸಿಲಿ ಸ್ಪೀಕರ್ ಕಾಗೇರಿ ಸೋತ್ರು. ಅನರ್ಹ ಮಾಡಿದೋರು, ಅನರ್ಹ ಆದೋರು, ಆಮೇಲೆ ಆ ಕುರ್ಚಿಲಿ ಕೂತೋರು, ಮೂರೂ ಜನನ್ನ ಜನ ಒಂದೇ ದಿನ ಮನೆಗೆ ಕಳಿಸಿದ್ರು. ಸುಧಾಕರ್, ಕಾಗೇರಿ ಇಬ್ರೂ ಒಂದೇ ವರ್ಷದಲ್ಲಿ ಲೋಕಸಭೆಗೆ ಗೆದ್ದು ದೆಹಲಿಗೆ ಹೋದ್ರು, ಸ್ವಾಮಿ ಮಾತ್ರ ಇಲ್ಲೇ.

ಈಗ ಅವ್ರ ಹೆಸರು ಪೇಪರಲ್ಲಿ ಬರೋದು ಜಿನಗಲಕುಂಟೆ ಅರಣ್ಯ ಜಮೀನಿನ ವಿವಾದಕ್ಕೆ. ಅರಣ್ಯ ಇಲಾಖೆ ಒತ್ತುವರಿ ಅನ್ನುತ್ತೆ, ಅವ್ರು ಅಲ್ಲ ಅಂತಾರೆ, ಹೈಕೋರ್ಟಿಗೆ ಹೋಗಿ ಜಂಟಿ ಸರ್ವೆ ಮಟ್ಟಕ್ಕೆ ಬಂತು. ಬಗರ್ ಹುಕುಂ ಕಮಿಟಿ ಅಧ್ಯಕ್ಷರಾಗಿ ಬೇರೆಯೋರ ಸಾಗುವಳಿ ಅರ್ಜಿ ನೋಡಿದೋರ ಜಮೀನಿಗೇ ಸರ್ವೆಯರ್ ಚೈನ್ ಹಿಡ್ಕೊಂಡು ಬಂದ್ರು. ಅದೇ ತಾಲ್ಲೂಕಲ್ಲಿ ಅರಣ್ಯ ಇಲಾಖೆಯೋರು ಜೆಸಿಬಿ ತಂದು ಮಾವಿನ ಮರ ಕೆಡವಿದ್ದಾಗ ಸಣ್ಣ ರೈತರು ಅತ್ತಿದ್ದೂ ಇದೆ, ಅವ್ರ ಕೇಸಿಗೆ ಟಿವಿಯೋರು ಯಾರೂ ಬರ್ಲಿಲ್ಲ. ಕೋರ್ಟ್ ಏನು ಹೇಳುತ್ತೋ ಹೇಳ್ಲಿ, ನಾನ್ ಮುಂಚೇನೇ ತೀರ್ಪು ಕೊಡಲ್ಲ.

ಇಬ್ರಿಗೂ ಎಪ್ಪತ್ತು ದಾಟಿದೆ. 2028ಕ್ಕೆ ಯಾರು ಅನ್ನೋದೇ ಈಗ ಟೀ ಅಂಗಡಿ ವಿಷಯ, ಎರಡೂ ಕಡೆ ಹೊಸ ಹೆಸರುಗಳು ತೇಲಾಡ್ತಿವೆ, ಬ್ಯಾನರ್‌ಗಳಲ್ಲಿ ಮೂಲೆಲಿದ್ದ ಫೋಟೋಗಳು ಸ್ವಲ್ಪ ಸ್ವಲ್ಪ ದೊಡ್ಡದಾಗ್ತಿವೆ. 2025ರ ಜೂನಲ್ಲಿ ತೋತಾಪುರಿ ರೇಟು ನೆಲ ಕಚ್ಚಿ, ಚಿತ್ತೂರಿನೋರು ಕರ್ನಾಟಕದ ಮಾವು ಒಳಗೆ ಬಿಡಲ್ಲ ಅಂತ ಗಡೀಲಿ ಲಾರಿ ನಿಲ್ಲಿಸಿದಾಗ ಎರಡೂ ಪಾರ್ಟಿ ರೈತರ ಹಣ್ಣೂ ಒಂದೇ ರೋಡಲ್ಲಿ ಕೊಳೀತು. ಆವಾಗ ಮಂಡಿ ಮುಂದೆ ಧರಣಿ ಕೂತಿದ್ದ ನಮ್ಮೂರಿನ ಹುಡುಗನೊಬ್ಬ, ಸ್ವಾಮಿ ಎರಡನೇ ಸಲ ಸ್ಪೀಕರ್ ಆದಾಗ ಸ್ಕೂಲಲ್ಲಿದ್ದೋನು, ಈ ಸಲ ಪಂಚಾಯ್ತಿ ಚುನಾವಣೆಗೆ ನಿಲ್ತೀನಿ ಅಂತ ಓಡಾಡ್ತಿದಾನೆ. ಯಾವ ಪಾರ್ಟಿಯಿಂದಲೋ ಅಂದೆ. ಇನ್ನೂ ಯೋಚ್ನೆ ಮಾಡಿಲ್ಲ ಅಂದ. ಅವರಪ್ಪ ಪಕ್ಕದಲ್ಲೇ ನಿಂತಿದ್ರು, "ಯೋಚ್ನೆ ಮಾಡೋಕೆ ಏನಿದೆ, ನಾವು ರೆಡ್ಡಿ ಕಡೆ" ಅಂದ್ರು.